ಕುಂಬಳೆ ಸೀಮೆಯ ಪ್ರೇಕ್ಷಣೀಯ ಸ್ಥಳಗಳು

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಪ್ರತಿವರ್ಷವೂ ಶಾಲಾ ಪ್ರವಾಸದ ಕಾಲ ಬಂದಾಗ ನಮ್ಮ ವಿದ್ಯಾರ್ಥಿಗಳು ಮೈಸೂರು, ಹಂಪೆ, ಬೇಲೂರು, ಹಳೇಬೀಡುಗಳ ಹೆಸರನ್ನು ಒಕ್ಕೊರಲಿನಿಂದ ಹೇಳುವರು. ಅವು ಕನ್ನಡಿಗನು ಜೀವಮಾನದಲ್ಲಿ ಒಮ್ಮೆಯಾದರೂ ನೋಡಬೇಕಾದ ಸ್ಥಳಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಂಪೆಯ ಕಲ್ಲಿನ ರಥವನ್ನು ವರ್ಣಿಸಬಲ್ಲ ಹುಡುಗನಿಗೆ ತನ್ನ ಮನೆಯಿಂದ ಎರಡು ಹರದಾರಿಯೊಳಗಿರುವ ಕೋಟೆಯನ್ನು ಕಟ್ಟಿಸಿದವರು ಯಾರೆಂಬುದು ತಿಳಿಯದು. ದೀಪದ ಬುಡದಲ್ಲಿ ಕತ್ತಲೆಯೆಂದರೆ ಇದೇ ಅಲ್ಲವೇ? ಈ ಕತ್ತಲೆಯನ್ನು ತುಸುವಾದರೂ ನೀಗುವ ಉದ್ದೇಶದಿಂದ ನಮ್ಮ ಕುಂಬಳೆ ಸೀಮೆಯ ಪ್ರೇಕ್ಷಣೀಯ ಸ್ಥಳಗಳನ್ನು ಕುರಿತು ಇಲ್ಲಿ ಪಾಠರೂಪವಾಗಿ ವಿವರಿಸಲಾಗಿದೆ.

ಕಾಸರಗೋಡಿನಿಂದ ಉತ್ತರಕ್ಕೆ ಹನ್ನೆರಡು-ಹದಿಮೂರು ಕಿಲೋಮೀಟರ್ ದೂರದಲ್ಲಿ, ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲೆ ಕುಂಬಳೆ ಎಂಬ ಸಣ್ಣ ಪೇಟೆಯಿದೆ. ಈಗ ಅಲ್ಲಿ ಇಳಿಯುವ ಪ್ರಯಾಣಿಕನಿಗೆ ಕಾಣುವುದು ಒಂದು ರೈಲ್ವೆ ನಿಲ್ದಾಣ, ಬಸ್ಸು ನಿಲ್ಲುವ ಜಾಗ, ಅಂಗಡಿಗಳ ಸಾಲು, ಆಚೆ ಕಡಲು. ಇದು ಒಂದು ಕಾಲದಲ್ಲಿ ತುಳುನಾಡಿನ ದಕ್ಷಿಣ ಭಾಗವನ್ನು ಆಳಿದ ಅರಸುಮನೆತನದ ರಾಜಧಾನಿಯಾಗಿತ್ತೆಂದು ನೋಟಮಾತ್ರದಿಂದ ಊಹಿಸಲಾಗದು. ಆದ್ದರಿಂದ ಈ ಸೀಮೆಯನ್ನು ನೋಡಹೊರಡುವವನು ಮೂರು ಸಂಗತಿಗಳನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಇಲ್ಲಿನ ಕಲ್ಲು, ಇಲ್ಲಿನ ನೀರು ಮತ್ತು ಇಲ್ಲಿನ ಹೆಸರುಗಳು. ಈ ಮೂರನ್ನು ಓದಬಲ್ಲವನಿಗೆ ಕುಂಬಳೆ ಸೀಮೆಯೇ ಒಂದು ಕೋಶ. ಇಲ್ಲಿ ಸುತ್ತುವುದೂ ಓದುವುದೂ ಒಂದೇ ಕೆಲಸ.

1. ಕುಂಬಳೆ ಪೇಟೆ

ಕುಂಬಳೆಯ ಅರಸರ ಆಳ್ವಿಕೆ ದಕ್ಷಿಣದಲ್ಲಿ ಚಂದ್ರಗಿರಿ ಹೊಳೆಯವರೆಗೆ ಹಬ್ಬಿತ್ತು. ಹೊಳೆಯ ಆಚೆಗೆ ಕೋಲತ್ತಿರಿ ಅರಸರ ನಾಡು. ಊರ ಬದಿಯ ಅಳಿವೆಯು ಹಳೆಯ ಕಾಲದ ಹಡಗುಗಳಿಗೆ ಒಳ್ಳೆಯ ಆಸರೆಯಾಗಿತ್ತು. 1514ರ ಸುಮಾರಿಗೆ ಈ ಕರಾವಳಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಬಾರ್ಬೋಸನು ಕುಂಬಳೆಯಿಂದ ಅಕ್ಕಿಯು ಮಾಲ್ದೀವ್ ದ್ವೀಪಗಳಿಗೆ ಹೋಗುತ್ತಿದ್ದಿತೆಂದೂ, ಬದಲಿಗೆ ಅಲ್ಲಿಂದ ತೆಂಗಿನ ನಾರು ಬರುತ್ತಿದ್ದಿತೆಂದೂ ಬರೆದಿಟ್ಟಿದ್ದಾನೆ. ಇಂದು ತೆಂಗಿನ ತೋಟಗಳಿಂದಲೇ ಹೆಸರಾದ ಈ ನಾಡು ಐನೂರು ವರ್ಷಗಳ ಹಿಂದೆ ಅಕ್ಕಿಯನ್ನು ಕೊಟ್ಟು ನಾರನ್ನು ಕೊಳ್ಳುತ್ತಿತ್ತೆಂಬುದು ವಿದ್ಯಾರ್ಥಿಗಳು ಯೋಚಿಸಬೇಕಾದ ವಿಷಯ. ಹಗ್ಗವಿಲ್ಲದೆ ಹಡಗಿಲ್ಲ, ಹಡಗಿಲ್ಲದೆ ವ್ಯಾಪಾರವಿಲ್ಲ. ನಮ್ಮ ಗದ್ದೆಯ ಬೆಳೆ ಅಂದಿನ ಸಮುದ್ರವ್ಯಾಪಾರಕ್ಕೆ ಹೀಗೆ ಆಧಾರವಾಗಿತ್ತು.

ಟಿಪ್ಪೂ ಸುಲ್ತಾನನ ಪತನವಾದ 1799ರ ತರುವಾಯ ಈ ಪ್ರದೇಶವು ಕಂಪನಿ ಸರಕಾರದ ವಶವಾಯಿತು. ಕುಂಬಳೆಯ ಅರಸರು ರಾಜ್ಯವನ್ನು ಕಳೆದುಕೊಂಡು ನಿವೃತ್ತಿವೇತನ ಪಡೆಯುವವರಾದರು. ಆ ಮನೆತನದ ಮಾಯಿಪ್ಪಾಡಿ ಅರಮನೆಯನ್ನು ಮಧೂರಿನ ಕಡೆಗೆ ಹೋಗುವವರು ಕಾಣಬಹುದು.

ಕುಂಬಳೆಯ ಕಣಿಪುರ ಗೋಪಾಲಕೃಷ್ಣ ದೇವಾಲಯವು ಪೇಟೆಯ ಹೃದಯಸ್ಥಾನ. ಕಣ್ವ ಮಹರ್ಷಿಯಿಂದ ಈ ಕ್ಷೇತ್ರಕ್ಕೆ ಹೆಸರು ಬಂದಿತೆಂದು ಸ್ಥಳಪುರಾಣವು ಹೇಳುತ್ತದೆ. ಮಕರ ಸಂಕ್ರಮಣದೊಡನೆ ಇಲ್ಲಿನ ವಾರ್ಷಿಕೋತ್ಸವವು ಮೊದಲಾಗುವುದು. ಆ ಉತ್ಸವದ ಸಿಡಿಮದ್ದಿನ ಸೇವೆ ‘ಕುಂಬಳೆ ಬೆಡಿ’ ಎಂಬ ಹೆಸರಿನಿಂದ ಸೀಮೆಯಲ್ಲೆಲ್ಲ ಪ್ರಸಿದ್ಧವಾಗಿದೆ.

ಯಕ್ಷಗಾನವನ್ನು ಬಲ್ಲವರಿಗೆ ಕುಂಬಳೆಯು ಇನ್ನೊಂದು ಕಾರಣದಿಂದ ಪುಣ್ಯಭೂಮಿ. ತೆಂಕುತಿಟ್ಟಿನ ಜನಕನೆಂದು ಪರಂಪರೆಯು ಗೌರವಿಸುವ ಪಾರ್ತಿಸುಬ್ಬನು ಈ ಊರಿನವನು. ಆತನ ಕಾಲವನ್ನೂ ಕೃತಿಗಳನ್ನೂ ಕುರಿತು ವಿದ್ವಾಂಸರಲ್ಲಿ ವಾದವಿವಾದಗಳು ನಡೆದಿವೆ. ಆದರೆ ರಾಮಾಯಣದ ಕತೆಯನ್ನು ಆಟದ ಪದಗಳಾಗಿ ಊರೂರಿಗೆ ಮುಟ್ಟಿಸಿದ ಕೀರ್ತಿಯನ್ನು ಜನತೆ ಅವನಿಗೇ ಸಲ್ಲಿಸುತ್ತ ಬಂದಿದೆ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡುವವರು ರಾತ್ರಿ ಆಟದ ಮುಂದೆ ಕುಳಿತು ಕನ್ನಡ ಅರ್ಥಗಾರಿಕೆಗೆ ತಲೆದೂಗುವುದನ್ನು ಈ ಸೀಮೆಯಲ್ಲಿ ಕಾಣಬಹುದು. ಕನ್ನಡವು ಇಲ್ಲಿ ಬೇರೂರಿದ್ದು ರಾಜಾಜ್ಞೆಯಿಂದ ಮಾತ್ರವೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2. ಸೀಮೆಯ ನಾಲ್ಕು ದೇವಾಲಯಗಳು

‘ಅಡೂರು, ಮಧೂರು, ಕಾವು, ಕಣ್ಯಾರ’ ಎಂಬ ನುಡಿಯನ್ನು ಈ ಸೀಮೆಯ ಮುದುಕರ ಬಾಯಲ್ಲಿ ಕೇಳಬಹುದು. ಕುಂಬಳೆ ಸೀಮೆಯ ನಾಲ್ಕು ಪ್ರಧಾನ ದೇವಾಲಯಗಳ ಪಟ್ಟಿಯಿದು. ಕಣ್ಯಾರವೆಂದರೆ ಮೇಲೆ ಹೇಳಿದ ಕಣಿಪುರ. ಕಾವು ಎಂದರೆ ಕುಂಬಳೆಗೆ ಸಮೀಪದ ಮುಜುಂಗಾವು. ಇಲ್ಲಿ ಪಾರ್ಥಸಾರಥಿ ಕೃಷ್ಣನ ಗುಡಿಯೂ ವಿಶಾಲವಾದ ಕೆರೆಯೂ ಇವೆ. ತುಲಾ ಸಂಕ್ರಮಣದಂದು ಈ ಕೆರೆಯಲ್ಲಿ ಕಾವೇರಿಯ ಸಾನ್ನಿಧ್ಯವಿರುವುದೆಂದು ನಂಬಿ ಸಾವಿರಾರು ಮಂದಿ ತೀರ್ಥಸ್ನಾನ ಮಾಡುವರು. ಅಡೂರು ಪೂರ್ವದಿಕ್ಕಿನ ಕಾಡುಮಲೆಗಳ ಕಡೆಗೆ, ಪಯಸ್ವಿನಿ ಹೊಳೆಯ ಆಶ್ರಯದಲ್ಲಿದೆ. ಅಲ್ಲಿನ ಮಹಾಲಿಂಗೇಶ್ವರನ ಸ್ಥಳಪುರಾಣವು ಕಿರಾತಾರ್ಜುನರ ಕತೆಯೊಡನೆ ಹೆಣೆದುಕೊಂಡಿದೆ.

ಈ ನಾಲ್ಕರಲ್ಲಿ ಪ್ರವಾಸಿಗಳನ್ನು ಹೆಚ್ಚಾಗಿ ಸೆಳೆಯುವುದು ಮಧೂರು. ಕಾಸರಗೋಡಿನಿಂದ ಈಶಾನ್ಯಕ್ಕೆ ಸುಮಾರು ಎಂಟು ಕಿಲೋಮೀಟರ್ ದೂರದಲ್ಲಿ, ಮಧುವಾಹಿನಿಯ ದಡದಲ್ಲಿ ಗದ್ದೆ ತೋಟಗಳ ನಡುವೆ ಈ ಕ್ಷೇತ್ರವಿದೆ. ಮೂಲದೇವರು ಮದನಂತೇಶ್ವರನೆಂಬ ಶಿವನಾದರೂ, ಜನರು ಬರುವುದು ಗಣಪತಿಯ ದರ್ಶನಕ್ಕೆ. ಕೊಂಡೊಯ್ಯುವುದು ಅಪ್ಪದ ಪ್ರಸಾದವನ್ನು. ಗರ್ಭಗುಡಿಯ ಗೋಡೆಯ ಮೇಲೆ ಬಾಲಕನೊಬ್ಬನು ಆಟಕ್ಕೆಂದು ಬರೆದ ಗಣಪನೇ ಬೆಳೆದು ದೇವನಾದನೆಂಬುದು ಇಲ್ಲಿನ ಐತಿಹ್ಯ. ಮದರು ಎಂಬ ತುಳು ಮೊಗೇರ ಸ್ತ್ರೀಗೆ ಮೊದಲು ಶಿವಲಿಂಗವು ಕಾಣಿಸಿತೆಂದೂ, ಅವಳ ಹೆಸರಿನಿಂದಲೇ ಊರಿಗೆ ಹೆಸರಾಯಿತೆಂದೂ ಇನ್ನೊಂದು ಕತೆಯುಂಟು. ಆನೆಯ ಬೆನ್ನಿನಂತೆ ಹಿಂದೆ ದುಂಡಾಗಿರುವ ಗಜಪೃಷ್ಠಾಕಾರದ ಕಟ್ಟಡ, ಮೂರು ನೆಲೆಗಳ ಮಾಡು, ಅದಕ್ಕೆ ಹೊದೆಸಿದ ತಾಮ್ರದ ತಗಡು, ಒಳಗಿನ ಮರದ ಕೆತ್ತನೆ ಇವನ್ನು ವಿದ್ಯಾರ್ಥಿಗಳು ನಿಧಾನವಾಗಿ ನೋಡಬೇಕು. ನಮ್ಮ ಕರಾವಳಿಯ ಮಳೆಗೆ ಚಪ್ಪಟೆಯ ಮಾಡು ಒದಗದು; ಇಳಿಜಾರಾದ ಮಾಡೇ ಬೇಕು. ಮಧೂರಿನ ಶಿಲ್ಪಿಯು ಆ ಅಗತ್ಯವನ್ನೇ ಸೌಂದರ್ಯವನ್ನಾಗಿ ಮಾಡಿದನು. ಮಳೆಗಾಲದಲ್ಲಿ ಮಧುವಾಹಿನಿಯು ಉಕ್ಕಿ ದೇವಾಲಯದ ಅಂಗಳಕ್ಕೆ ನುಗ್ಗುವುದೂ ಉಂಟು.

ಟಿಪ್ಪೂವಿನ ದಂಡು ಇಲ್ಲಿಗೆ ಬಂದಾಗ ಅವನು ಬಾವಿಯ ನೀರನ್ನು ಕುಡಿದು ಮನಸ್ಸು ಬದಲಿಸಿ, ನೆಪಕ್ಕೆ ಒಂದು ಕತ್ತಿಯೇಟನ್ನು ಮಾತ್ರ ಕೊಟ್ಟು ಹೋದನೆಂದು ಹೇಳಿ, ಗುರುತೊಂದನ್ನು ತೋರಿಸುವರು. ಐತಿಹ್ಯವನ್ನು ಐತಿಹ್ಯವೆಂದೂ ಇತಿಹಾಸವನ್ನು ಇತಿಹಾಸವೆಂದೂ ಬೇರೆ ಬೇರೆಯಾಗಿ ಬರೆದುಕೊಳ್ಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಇಂತಹ ಸ್ಥಳಗಳಲ್ಲಿಯೇ ಕಲಿಯಬೇಕು. ಎರಡಕ್ಕೂ ಬೆಲೆಯುಂಟು, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬಾರದು.

3. ಅನಂತಪುರದ ಸರೋವರ ದೇವಾಲಯ

ಕುಂಬಳೆಯಿಂದ ಬದಿಯಡ್ಕದ ದಾರಿಯಲ್ಲಿ ಸ್ವಲ್ಪ ದೂರ ಸಾಗಿ ನಾಯ್ಕಾಪಿನಲ್ಲಿ ತಿರುಗಿ ಗುಡ್ಡವನ್ನೇರಿದರೆ ವಿಸ್ತಾರವಾದ ಪದವು ಎದುರಾಗುತ್ತದೆ. ಮರಗಳಿಲ್ಲದ, ಕೆಂಪು ಕಲ್ಲು ಹಾಸಿದಂತಿರುವ ಈ ಬಯಲಿನಲ್ಲಿ ಬೇಸಿಗೆಯ ಮಧ್ಯಾಹ್ನ ನಡೆದವನು ಇಲ್ಲೊಂದು ಸರೋವರವಿರಬಹುದೆಂದು ನಂಬಲಾರನು. ತಗ್ಗಿಗೆ ಇಳಿದರೆ ಕಲ್ಲನ್ನು ಕಡಿದು ಮಾಡಿದ ಚೌಕನೆಯ ಕೆರೆ, ನಡುವೆ ಅನಂತಪದ್ಮನಾಭನ ಗುಡಿ, ಗುಡಿಗೆ ಹೋಗಲು ಒಂದೇ ಕಾಲುಸಂಕ. ಕೆರೆಯಲ್ಲಿ ಬೇಸಿಗೆಯಲ್ಲಿಯೂ ನೀರು ಬತ್ತುವುದಿಲ್ಲ. ಕೇರಳ ರಾಜ್ಯದಲ್ಲಿ ಸರೋವರದ ನಡುವೆ ಇರುವ ದೇವಾಲಯ ಇದೊಂದೇ ಎಂದು ಹೇಳುವರು.

ತಿರುವನಂತಪುರದ ಪದ್ಮನಾಭಸ್ವಾಮಿಗೆ ಇದೇ ಮೂಲಸ್ಥಾನವೆಂಬುದು ಇಲ್ಲಿನ ನಂಬಿಕೆ. ತಪಸ್ಸಿನಲ್ಲಿದ್ದ ಬಿಲ್ವಮಂಗಲ ಸ್ವಾಮಿಗಳಿಗೆ ಸೇವೆಮಾಡುತ್ತಿದ್ದ ಬಾಲಕನು, ಅವರು ಒಮ್ಮೆ ಸಿಟ್ಟಿನಿಂದ ದೂಡಲು, ಕೆರೆಯ ಬದಿಯ ಗುಹೆಯಲ್ಲಿ ಮಾಯವಾಗಿ, ತನ್ನನ್ನು ಕಾಣಬೇಕಾದರೆ ಅನಂತನ ಕಾಡಿಗೆ ಬರಬೇಕೆಂದು ಹೇಳಿದನಂತೆ. ರಾಜ್ಯದ ಉತ್ತರತುದಿಯನ್ನೂ ದಕ್ಷಿಣತುದಿಯನ್ನೂ ಕತೆಯೊಂದು ಹೀಗೆ ಜೋಡಿಸಿದೆ. ಇಲ್ಲಿನ ವಿಗ್ರಹಗಳು ಮೂಲತಃ ಕಲ್ಲಿನವೂ ಅಲ್ಲ, ಲೋಹದವೂ ಅಲ್ಲ. ಕಡುಶರ್ಕರ ಪಾಕವೆಂಬ, ಹಲವು ದ್ರವ್ಯಗಳನ್ನು ಕೂಡಿಸಿದ ಮಿಶ್ರಣದಿಂದ ಮಾಡಿದಂಥವು. ಮಂಟಪದ ಮುಚ್ಚಿಗೆಯಲ್ಲಿ ದಶಾವತಾರದ ಕತೆಗಳನ್ನು ಮರದಲ್ಲಿ ಕೊರೆದಿದ್ದಾರೆ.

ಈ ಕೆರೆಯಲ್ಲಿ ಬಹುಕಾಲ ವಾಸವಾಗಿದ್ದ ‘ಬಬಿಯ’ ಎಂಬ ಮೊಸಳೆಯನ್ನು ಕಾಣದೆ ಹಿಂದಿರುಗಿದ ಮಕ್ಕಳು ಕಡಿಮೆ. ದೇವರ ನೈವೇದ್ಯವನ್ನು ಉಂಡು, ಯಾರಿಗೂ ಕೇಡು ಮಾಡದೆ ಬಾಳಿದ ಆ ಪ್ರಾಣಿಯು 2022ರ ಅಕ್ಟೋಬರ್ 9ರಂದು ಸತ್ತಿತು. ಅದರ ಅಂತ್ಯದರ್ಶನಕ್ಕೆ ನೆರೆದ ಜನಸಂದಣಿಯಲ್ಲಿ ನಾನಾ ಮತದವರೂ ಇದ್ದರು. 2023ರ ನವೆಂಬರಿನಲ್ಲಿ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡಿತು.

4. ಮುರಕಲ್ಲು ಮತ್ತು ಸುರಂಗ

ಅನಂತಪುರದ ಪದವಿನ ಮೇಲೆ ನಿಂತಾಗ ನಮ್ಮ ಕಾಲಡಿಯಲ್ಲಿರುವ ಕಲ್ಲನ್ನು ಕುರಿತು ಎರಡು ಮಾತು ಹೇಳದೆ ಮುಂದುವರಿಯುವಂತಿಲ್ಲ. ಇದನ್ನು ನಾವು ಮುರಕಲ್ಲು ಎನ್ನುತ್ತೇವೆ. ನೆಲದಿಂದ ಕಡಿಯುವಾಗ ಮೆದುವಾಗಿದ್ದು, ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುವುದು ಇದರ ಗುಣ. 1801ರಲ್ಲಿ ಈ ದಾರಿಯಾಗಿ ಸಂಚರಿಸಿದ ಡಾಕ್ಟರ್ ಬುಕಾನನ್ನನು ಮಲಬಾರಿನ ಅಂಗಾಡಿಪುರದಲ್ಲಿ ಇದೇ ಜಾತಿಯ ಕಲ್ಲನ್ನು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಆ ಹೆಸರು ಹುಟ್ಟಿತು. ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇರುವ ಈ ಶಬ್ದವು ನಮ್ಮ ಪಶ್ಚಿಮ ಕರಾವಳಿಯ ಕಲ್ಲಿನಿಂದ ಬಂದಿತೆಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಅಭಿಮಾನದ ವಿಷಯ.

ಮುರಕಲ್ಲಿನ ಮೈತುಂಬ ಸಣ್ಣ ತೂತುಗಳು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ಒಂದು ಪಾಲು ಈ ತೂತುಗಳೊಳಗಿಂದ ಇಳಿದು ಗುಡ್ಡದ ಹೊಟ್ಟೆಯಲ್ಲಿ ಸೇರುತ್ತದೆ. ಅದನ್ನು ಹೊರಕ್ಕೆ ಕರೆಯುವ ಉಪಾಯವೇ ಸುರಂಗ. ಗುಡ್ಡದ ಪಕ್ಕಕ್ಕೆ, ಒಬ್ಬ ಮನುಷ್ಯನು ತಲೆ ಬಗ್ಗಿಸಿ ಹೋಗುವಷ್ಟು ಎತ್ತರ ಅಗಲದ ಬಿಲವನ್ನು ಅಡ್ಡಡ್ಡವಾಗಿ ಕೊರೆಯುತ್ತ ಹೋಗುವರು. ಒಸರು ಸಿಕ್ಕಿದಲ್ಲಿಗೆ ಕೊರೆತ ನಿಲ್ಲುವುದು. ಕೆಲವು ಸುರಂಗಗಳು ಕೆಲವೇ ಮೀಟರುಗಳ ಉದ್ದ. ಕೆಲವು ನೂರಾರು ಮೀಟರ್. ನೀರು ತಾನಾಗಿ ಹರಿದು ಬಂದು ಮುಂದಿನ ಮಣ್ಣಿನ ಕೆರೆಯಲ್ಲಿ ನಿಲ್ಲುತ್ತದೆ. ಎತ್ತಲು ಹಗ್ಗ ಬೇಡ, ಪಂಪು ಬೇಡ, ವಿದ್ಯುತ್ತು ಬೇಡ. ಇಡೀ ಅಡಿಕೆ ತೋಟಗಳೇ ಇಂತಹ ನೀರಿನಿಂದ ಎದ್ದಿವೆ. ಮಳೆ ಹಿಂದಾದ ಮೇಲೆ ತೋಡುಗಳಿಗೆ ಕಲ್ಲು ಮಣ್ಣುಗಳಿಂದ ಅಡ್ಡಲಾಗಿ ಊರವರು ಸೇರಿ ಹಾಕುವ ‘ಕಟ್ಟ’, ಎತ್ತರದ ಜಾಗದಲ್ಲಿ ಮಳೆನೀರನ್ನು ಹಿಡಿದಿಡುವ ‘ಮದಕ’ ಇವೂ ಇದೇ ಜ್ಞಾನದ ಬೇರೆ ರೂಪಗಳು.

ಪ್ರವಾಸಿಗಳ ಕೈಪಿಡಿಗಳಲ್ಲಿ ಸುರಂಗಗಳಿಗೆ ಸಿಗುವ ಸ್ಥಾನವು ಅತ್ಯಲ್ಪ. ನಮ್ಮ ಅಭಿಪ್ರಾಯದಲ್ಲಿ ಅವು ಈ ಸೀಮೆಯ ಅತ್ಯಂತ ಪ್ರೇಕ್ಷಣೀಯ ವಸ್ತುಗಳು. ಕೋಟೆಯನ್ನು ಅರಸನು ಕಟ್ಟಿಸಿದನು. ಸುರಂಗವನ್ನು ಹೆಸರಿಲ್ಲದ ಕೂಲಿಯವನು ಪಿಕ್ಕಾಸಿನಿಂದ ಕೊರೆದನು. ಕೋಟೆಯ ತೋಪುಗಳು ಮೂಕವಾಗಿ ಎರಡು ಶತಮಾನಗಳು ಕಳೆದವು. ಸುರಂಗದಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಆದರೆ ಪದವುಗಳನ್ನು ಯಂತ್ರಗಳಿಂದ ಕೊಯ್ದು ಕಲ್ಲನ್ನು ಸಾಗಿಸುವುದೂ, ಕೊಳವೆಬಾವಿಗಳನ್ನು ಒತ್ತೊತ್ತಾಗಿ ಕೊರೆಯುವುದೂ ಹೆಚ್ಚಿದಂತೆ ಒಸರುಗಳು ಸೊರಗುತ್ತಿವೆ. ಸುರಂಗವಿರುವ ಮನೆಯ ಮಕ್ಕಳು ಅದನ್ನು ಹಳೆಯ ಕಾಲದ ಬಿಲವೆಂದು ಅಸಡ್ಡೆ ಮಾಡದೆ, ಅದರ ಉದ್ದ, ವಯಸ್ಸು, ನೀರಿನ ಪ್ರಮಾಣಗಳನ್ನು ಹಿರಿಯರಿಂದ ಕೇಳಿ ಬರೆದಿಡುವುದು ಲೇಸು.

5. ಇಕ್ಕೇರಿಯವರ ಕೋಟೆಗಳು

ಇದೇ ಮುರಕಲ್ಲು ಕೋಟೆಗಳ ಗೋಡೆಯಾಗಿಯೂ ನಿಂತಿದೆ. ವಿಜಯನಗರದ ಬಲ ಕುಂದಿದ ಮೇಲೆ ಕರಾವಳಿಯ ಒಡೆತನವು ಮಲೆನಾಡಿನ ಕೆಳದಿ ಇಕ್ಕೇರಿಯ ನಾಯಕರಿಗೆ ಬಂದಿತು. ಕಡಲವ್ಯಾಪಾರವನ್ನು ಕಾಯಲು, ದಕ್ಷಿಣದ ಗಡಿಯನ್ನು ಭದ್ರಪಡಿಸಲು ಅವರು ಕೋಟೆಗಳ ಸಾಲನ್ನೇ ಕಟ್ಟಿದರು. ಉತ್ತರದಿಂದ ಹೊರಟರೆ ಮೊದಲು ಸಿಗುವುದು ಕುಂಬಳೆಯ ಹೊಳೆಯ ಸಮೀಪದಲ್ಲಿ, ಹೆದ್ದಾರಿಯ ಬದಿಯಲ್ಲೇ ಇರುವ ಆರಿಕ್ಕಾಡಿ ಕೋಟೆ. ಬಸ್ಸಿನಲ್ಲಿ ಹೋಗುವವರು ದಿನವೂ ಇದರ ಮಗ್ಗುಲಲ್ಲಿ ಹಾಯುವರು. ಇಳಿದು ನೋಡುವವರು ವಿರಳ.

ಕಾಸರಗೋಡನ್ನು ದಾಟಿ ಚಂದ್ರಗಿರಿ ಹೊಳೆಯ ಆಚೆಯ ದಡಕ್ಕೆ ಹೋದರೆ, ಎತ್ತರದ ದಿಬ್ಬದ ಮೇಲೆ ಏಳು ಎಕರೆಯಷ್ಟು ಜಾಗದಲ್ಲಿ ಚಂದ್ರಗಿರಿ ಕೋಟೆಯಿದೆ. ಕೊತ್ತಳದ ಮೇಲೆ ನಿಂತು ನೋಡಿದರೆ ಹೊಳೆಯು ಬಾಗಿ ಕಡಲನ್ನು ಸೇರುವ ನೋಟ ಅತಿ ರಮ್ಯ. ಆದರೆ ಈ ಹೊಳೆ ನೋಟಕ್ಕೆ ಮಾತ್ರವಲ್ಲ. ತುಳುನಾಡಿಗೂ ಮಲೆಯಾಳದ ನಾಡಿಗೂ ನಡುವಣ ಎಲ್ಲೆಯಾಗಿ ಇದು ಬಹುಕಾಲ ಹರಿಯಿತು. ಮಲೆಯಾಳದ ನಾಯರ್ ಸ್ತ್ರೀಯರು ಈ ಹೊಳೆಯನ್ನು ದಾಟಬಾರದೆಂಬ ಕಟ್ಟಳೆಯೂ ಹಿಂದೆ ಇತ್ತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ, ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1967ರಲ್ಲಿ ವರದಿ ಸಲ್ಲಿಸಿದ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ನಮ್ಮ ಹಿರಿಯರ ಆಸೆ ನಿರಾಸೆಗಳೆಲ್ಲ ಈ ಒಂದು ಹೊಳೆಯ ಸುತ್ತ ಸುತ್ತಿದ್ದವು.

ಕಾಸರಗೋಡಿನಿಂದ ದಕ್ಷಿಣಕ್ಕೆ ಸುಮಾರು ಹದಿನಾರು ಕಿಲೋಮೀಟರಿನಲ್ಲಿ ಬೇಕಲ ಕೋಟೆ. ಸುಮಾರು ನಲವತ್ತು ಎಕರೆ ವಿಸ್ತಾರದ, ಮೂರು ಕಡೆ ಕಡಲು ಅಪ್ಪಳಿಸುವ ಈ ಕೋಟೆಯು ಕೇರಳ ರಾಜ್ಯದ ಕೋಟೆಗಳಲ್ಲೆಲ್ಲ ದೊಡ್ಡದು. ಇದನ್ನು ಕಟ್ಟಿಸಿದವನು 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನೆಂದು ಹೇಳುವರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಇಕ್ಕೇರಿಯವರ ರಾಜ್ಯದೊಡನೆ ಇಲ್ಲಿನ ಕೋಟೆಗಳೂ ಅವನ ಕೈಸೇರಿದವು. ಕಂಪನಿ ಸರಕಾರದ ಮೊದಲ ವರ್ಷಗಳಲ್ಲಿ ತಾಲೂಕಿನ ಹೆಸರೇ ಬೇಕಲವಾಗಿತ್ತು. ಆ ಸ್ಥಾನವು ತರುವಾಯ ಕಾಸರಗೋಡಿಗೆ ಸಂದಿತು. ಡೊಂಕಾದ ಪ್ರವೇಶದಾರಿ, ಬಾಗಿಲ ಬಳಿಯ ಆಂಜನೇಯನ ಗುಡಿ, ಮೆಟ್ಟಿಲುಗಳುಳ್ಳ ಕೆರೆ, ಮದ್ದಿನ ಮನೆ, ನಡುವಿನ ವೀಕ್ಷಣಗೋಪುರ, ಕಡಲ ಕಡೆಗೆ ಚಾಚಿದ ಕೊತ್ತಳ ಇವನ್ನು ಕ್ರಮವಾಗಿ ನೋಡಬೇಕು. ಅರಮನೆಯ ವೈಭವವನ್ನು ಇಲ್ಲಿ ಹುಡುಕಬಾರದು. ಇದು ಆರಂಭದಿಂದಲೂ ಕಾವಲಿಗಾಗಿ ಕಟ್ಟಿದ ಕೋಟೆ. ಗೋಡೆಯ ಕಂಡಿಗಳು ಬೇರೆ ಬೇರೆ ದೂರಕ್ಕೆ ಗುರಿಯಿಡುವಂತೆ ರಚಿತವಾಗಿರುವುದನ್ನು ಗಮನಿಸಿದರೆ ಕಟ್ಟಿದವರ ಯುದ್ಧಬುದ್ಧಿ ತಿಳಿಯುವುದು. ಇನ್ನೂ ದಕ್ಷಿಣಕ್ಕೆ, ಕಾಞಂಗಾಡಿನಲ್ಲಿ ಹೊಸದುರ್ಗದ ಕೋಟೆಯ ದುಂಡು ಕೊತ್ತಳಗಳು ಉಳಿದಿವೆ.

6. ನಾನಾ ಮತ, ನಾನಾ ನುಡಿ

ಕೋಟೆಗಳನ್ನು ನೋಡಿ ಹಿಂದಿರುಗುವಾಗ ಕಾಸರಗೋಡಿನ ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿಯನ್ನು ಕಾಣಬೇಕು. ಅರಬ್ಬಿ ನಾಡಿನಿಂದ ಬಂದ ಮಾಲಿಕ್ ದೀನಾರರ ಸಂಗಡಿಗರು ಸ್ಥಾಪಿಸಿದ್ದೆಂದು ಪರಂಪರೆಯು ಹೇಳುವ ಈ ಮಸೀದಿಯ ಆವರಣದಲ್ಲಿ ಮಾಲಿಕ್ ಇಬ್ನ್ ಮುಹಮ್ಮದರ ಗೋರಿಯಿದೆ. ಕೈಹೊಲಿಗೆಯ ತಳಂಗರೆ ತೊಪ್ಪಿಯು ಒಂದು ಕಾಲಕ್ಕೆ ದೂರದೇಶಗಳಿಗೂ ಹೋಗುತ್ತಿತ್ತು. ಕಾಸರಗೋಡಿನ ಕೈಮಗ್ಗದ ಸೀರೆಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವಾಗ ಬೇಳದಲ್ಲಿ 1890ರ ವ್ಯಾಕುಲಮಾತೆಯ ಇಗರ್ಜಿಯು ಗಾಥಿಕ್ ಶೈಲಿಯಲ್ಲಿ ಎದ್ದು ಕಾಣುತ್ತದೆ. ಉತ್ತರದ ಮಂಜೇಶ್ವರದಲ್ಲಿ ಜೈನ ಬಸದಿಗಳೂ ಅನಂತೇಶ್ವರನ ಗುಡಿಯೂ ಇವೆ. ಅಲ್ಲಿಯೇ ಸಮೀಪದ ಉದ್ಯಾವರದ ಮಾಡದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ಮೊದಲು, ಒಂದು ಶುಕ್ರವಾರ ದೈವದ ಪಾತ್ರಿಗಳು ಉದ್ಯಾವರದ ಮಸೀದಿಗೆ ಹೋಗಿ ಅಲ್ಲಿನ ಜಮಾತಿನವರನ್ನು ಉತ್ಸವಕ್ಕೆ ಕರೆಯುವ ಪದ್ಧತಿಯುಂಟು. ಪ್ರವಾಸಿಯು ನೋಡಬೇಕಾದುದರಲ್ಲಿ ಕಲ್ಲಿನ ಕಟ್ಟಡಗಳಂತೆ ಇಂತಹ ನಡವಳಿಕೆಗಳೂ ಸೇರಿವೆ.

7. ಕವಿಗಳ ಮನೆ, ಮಠ, ಸಂಶೋಧನಾಲಯ

ಮಂಜೇಶ್ವರಕ್ಕೆ ಹೋದವರು ಗೋವಿಂದ ಪೈಗಳ ಮನೆಗೆ ಹೋಗದೆ ಬರಬಾರದು. 1883ರಲ್ಲಿ ಹುಟ್ಟಿದ ಪೈಗಳಿಗೆ 1949ರಲ್ಲಿ ಮದರಾಸು ಸರಕಾರವು ರಾಷ್ಟ್ರಕವಿಯೆಂಬ ಬಿರುದನ್ನಿತ್ತಿತು. 1963ರಲ್ಲಿ ಅವರು ದಿವಂಗತರಾದರು. ಅವರ ಕವನಸಂಗ್ರಹದ ಹೆಸರನ್ನೇ ಹೊತ್ತ ‘ಗಿಳಿವಿಂಡು’ ಸ್ಮಾರಕವು ಆ ಮನೆಯ ಆವರಣದಲ್ಲಿದೆ. ಹಲವಾರು ಭಾಷೆಗಳನ್ನು ಬಲ್ಲ ಮಹಾವಿದ್ವಾಂಸರೊಬ್ಬರು ರಾಜಧಾನಿಗಳಿಗೆ ತೆರಳದೆ ಈ ಗಡಿಯೂರಿನಲ್ಲೇ ಕುಳಿತು ಶಾಸನಗಳನ್ನೂ ಇತಿಹಾಸವನ್ನೂ ಶೋಧಿಸಿದರು. ಬದಿಯಡ್ಕದ ಬಳಿಯ ಪೆರಡಾಲದಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿ, ಕವಿಯಾಗಿ, ಕನ್ನಡದ ಹೋರಾಟಗಾರರಾಗಿ ನೂರು ವರ್ಷಗಳ ತುಂಬುಬಾಳನ್ನು ಬಾಳಿ 2015ರಲ್ಲಿ ಅಗಲಿದರು. ನಮ್ಮ ವೃತ್ತಿಯವರಿಗೆ ಅವರ ಹೆಸರು ಎಂದಿಗೂ ಬೆಳಕು.

ಚೆರ್ಕಳದಿಂದ ಬದಿಯಡ್ಕದ ದಾರಿಯಲ್ಲಿ ಎಡನೀರು ಮಠವಿದೆ. ಶಂಕರಾಚಾರ್ಯರ ಶಿಷ್ಯ ತೋಟಕಾಚಾರ್ಯರ ಪರಂಪರೆಗೆ ಸೇರಿದ ಈ ಮಠದ ಭೂಮಿಯ ಪ್ರಶ್ನೆಯನ್ನು ಹಿಡಿದು ಕೇಶವಾನಂದ ಭಾರತೀ ಸ್ವಾಮಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಹದಿಮೂರು ಮಂದಿ ನ್ಯಾಯಾಧೀಶರ ಪೀಠವು ಅರುವತ್ತೆಂಟು ದಿನ ವಿಚಾರಣೆ ನಡೆಸಿ, 1973ರ ಏಪ್ರಿಲ್ 24ರಂದು ತೀರ್ಪನ್ನಿತ್ತಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲರಚನೆಯನ್ನು ಕೆಡಿಸಲಾಗದೆಂಬ ಸಿದ್ಧಾಂತವು ಆ ತೀರ್ಪಿನಿಂದ ಹುಟ್ಟಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಪಾಠದ ಬೇರು ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿದೆ. ಕುಂಬಳೆ ಕಾಸರಗೋಡುಗಳ ನಡುವೆ, ಕೂಡ್ಲಿನಲ್ಲಿರುವ ಕೇಂದ್ರ ತೋಟದ ಬೆಳೆಗಳ ಸಂಶೋಧನಾಲಯವು 1916ರಲ್ಲಿ ತೆಂಗಿನ ಸಂಶೋಧನೆಗಾಗಿ ತೊಡಗಿದ ಸಂಸ್ಥೆ. ಕೃಷಿಕರ ಮಕ್ಕಳು ಅದನ್ನೂ ನೋಡತಕ್ಕದ್ದು.

8. ಹೆಸರುಗಳನ್ನು ಓದುವ ಬಗೆ

ಕಲ್ಲನ್ನೂ ನೀರನ್ನೂ ಕುರಿತು ಹೇಳಿಯಾಯಿತು. ಹೆಸರುಗಳನ್ನು ಕುರಿತು ಹೇಳಿ ಮುಗಿಸುವೆವು. ಹೊಸದುರ್ಗದ ಕೋಟೆಯಿರುವ ಜಾಗವನ್ನು ಮಲಯ���ಳದಲ್ಲಿ ‘ಪುದಿಯಕೋಟ’ ಎನ್ನುವರು. ಎರಡರ ಅರ್ಥವೂ ಹೊಸ ಕೋಟೆಯೇ. ಕಾಸರಗೋಡಿನ ಹೆಸರು ಕಾಸರಕನ ಮರದಿಂದ ಬಂದಿತೆಂಬುದು ಒಂದು ಅಭಿಪ್ರಾಯ. ಆ ಮರಕ್ಕೆ ಮಲಯಾಳದಲ್ಲಿ ‘ಕಾಞ್ಞಿರ’ ಎಂದಿರುವುದರಿಂದ ‘ಕಾಞ್ಞಿರಕ್ಕೋಡ್’ ಎಂಬ ಹೆಸರೂ ಬಳಕೆಯಲ್ಲಿತ್ತು. ಒಂದೇ ಕೋಟೆಯನ್ನು, ಒಂದೇ ಮರವನ್ನು ಇಬ್ಬರು ನೆರೆಯವರು ತಂತಮ್ಮ ನುಡಿಯಲ್ಲಿ ಕರೆದುಕೊಂಡರು. ಯಾರಿಗೂ ಅದರಿಂದ ಕುಂದಾಗಲಿಲ್ಲ. ಗಡಿನಾಡಿನ ನಿಜವಾದ ಪಾಠ ಇದು.

ಆದರೆ ಅರ್ಥ ತಿಳಿಯದೆ ಹೆಸರನ್ನು ತಿರುಚಿದಾಗ ನಷ್ಟವಾಗುತ್ತದೆ. ‘ಅಡ್ಕ’ ಎಂದರೆ ಬೇಸಾಯಕ್ಕೆ ಒದಗದ ಒಣ ಬಯಲು. ಬದಿಯಡ್ಕ, ಧರ್ಮತ್ತಡ್ಕ, ಏತಡ್ಕ ಎಂಬ ಹೆಸರುಗಳನ್ನು ಕೇಳಿದೊಡನೆ ಆ ಊರಿನ ನೆಲದ ಚಿತ್ರವು ಕಣ್ಣಮುಂದೆ ಬರುವುದು. ಹಲಗೆಯ ಮೇಲೆ ಅದು ‘ಬದಿಯಡುಕ್ಕ’ ಆದಾಗ ಓದುವವನಿಗೆ ನೆಲವೂ ಕಾಣದು, ಅರ್ಥವೂ ಹೊಳೆಯದು. ಇದಕ್ಕೆ ಹಲಗೆ ಬರೆದವನನ್ನು ಮಾತ್ರ ದೂರಿ ಫಲವಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳು ‘ಅಡ್ಕ’, ‘ಪದವು’, ‘ಮದಕ’, ‘ಕಟ್ಟ’ ಎಂಬ ಮಾತುಗಳನ್ನು ಆಡದಿದ್ದರೆ, ಹಲಗೆಯಲ್ಲಿ ಸರಿಯಾಗಿ ಬರೆದರೂ ಓದುವವರಿರುವುದಿಲ್ಲ. ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯು ಇಳಿಯುತ್ತಿರುವ ಈ ದಿನಗಳಲ್ಲಿ ಹೆತ್ತವರು ಇದನ್ನು ಚಿಂತಿಸಬೇಕು. ಬೇಕಲಕ್ಕೆ ದೇಶವಿದೇಶಗಳಿಂದ ಜನ ಬರುವರು, ಚಿತ್ರ ತೆಗೆದುಕೊಂಡು ಹೋಗುವರು. ಆ ಕೋಟೆಯ ನಾಯಕನ ಭಾಷೆ ಯಾವುದು, ಸುರಂಗವನ್ನು ಕೊರೆದವನು ಒಸರನ್ನು ಏನೆಂದು ಕರೆದನು, ಪಾರ್ತಿಸುಬ್ಬನು ಯಾವ ನುಡಿಯಲ್ಲಿ ಪದ ಕಟ್ಟಿದನು ಎಂದು ಅವರಿಗೆ ಹೇಳಬಲ್ಲವರು ಇಲ್ಲಿಯೇ ಬೆಳೆದ, ಕನ್ನಡವನ್ನು ಓದಬಲ್ಲ ಮಕ್ಕಳು. ಆ ಮಕ್ಕಳಿಲ್ಲದಿದ್ದರೆ ಸ್ಥಳಗಳು ಉಳಿದಾವು. ಅವುಗಳ ಮಾತು ಉಳಿಯದು. ಈ ಸೀಮೆಯನ್ನು ನೋಡಿಸುವ ಹೊಣೆಯು ಆದ್ದರಿಂದ ಸರಕಾರದ ಪ್ರವಾಸೋದ್ಯಮ ಇಲಾಖೆಗಿಂತ ಮೊದಲು ನಮ್ಮ ಮನೆಗಳದೂ ಶಾಲೆಗಳದೂ ಆಗಿದೆ.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ನಿಮ್ಮ ಊರಿನ ಹತ್ತು ಸ್ಥಳನಾಮಗಳನ್ನು ಬರೆದು, ಅವುಗಳ ಅರ್ಥವನ್ನು ಹಿರಿಯರಿಂದ ಕೇಳಿ ಎದುರುಗಡೆ ಬರೆಯಿರಿ. ಅದೇ ಸ್ಥಳಕ್ಕೆ ತುಳುವಿನಲ್ಲಾಗಲಿ ಮಲಯಾಳದಲ್ಲಾಗಲಿ ಬೇರೆ ಹೆಸರಿದ್ದರೆ ಅದನ್ನೂ ಸೇರಿಸಿರಿ.
2. ಆರಿಕ್ಕಾಡಿಯಿಂದ ಹೊಸದುರ್ಗದವರೆಗಿನ ಕೋಟೆಗಳನ್ನು ನಕಾಶೆಯಲ್ಲಿ ಗುರುತಿಸಿ, ಪ್ರತಿಯೊಂದರ ಸಮೀಪದಲ್ಲಿ ಹೊಳೆಯಿದೆಯೋ ಕಡಲಿದೆಯೋ ತೋರಿಸಿರಿ. ಇದರಿಂದ ಏನನ್ನು ಊಹಿಸಬಹುದು?
3. ಮಧೂರಿನ ಬಗ್ಗೆ ಈ ಪಾಠದಲ್ಲಿ ಬಂದ ಮಾತುಗಳಲ್ಲಿ ಐತಿಹ್ಯ ಯಾವುದು, ಕಣ್ಣಾರೆ ಕಂಡು ಹೇಳಬಹುದಾದುದು ಯಾವುದು? ಎರಡು ಪಟ್ಟಿಗಳನ್ನು ಮಾಡಿರಿ.
4. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇರುವ ಒಂದು ಸುರಂಗದ ಬಗ್ಗೆ ಒಂದು ಪುಟದ ವರದಿಯನ್ನು ಬರೆಯಿರಿ. ಹಿರಿಯರ ಜೊತೆಯಿಲ್ಲದೆ ಸುರಂಗದೊಳಗೆ ಇಳಿಯಬಾರದು.